ಪಾಸ್‌ಪೋರ್ಟ್ ಅಳತೆಯ ಹಕ್ಕಿ

ಆ ಬೆಟ್ಟದ ಊರಿನಲ್ಲಿ ಈ ಕಥೆಯನ್ನು ಹೇಳಬಲ್ಲವರು ಬಹಳ. ಒಬ್ಬರು ಹೇಳಿದಂತೆ ಇನ್ನೊಬ್ಬರು ಹೇಳಿದ್ದು ಮಾತ್ರ ಇಲ್ಲ. ಹಕ್ಕಿ ಮುಷ್ಟಿಯಷ್ಟಿತ್ತು ಎನ್ನುವವರಿದ್ದಾರೆ, ಕೊಡೆ ಬಿಚ್ಚಿದಷ್ಟಿತ್ತು ಎನ್ನುವವರೂ ಇದ್ದಾರೆ. ಅದರ ಜುಟ್ಟು ನೀಲಿಯೋ ನೇರಳೆಯೋ ಎಂಬ ಪ್ರಶ್ನೆಗಾಗಿ ಚಹಾದಂಗಡಿಯ ಎರಡು ಬೆಂಚುಗಳು ಪರಸ್ಪರ ಮಾತು ಬಿಟ್ಟಿವೆ. ಆದರೆ ಒಂದು ಬಿಳಿಯ ಬೆಡ್‌ಶೀಟು, ಒಂದು ಸ್ಟೂಲು ಮತ್ತು ಒಂದು ಮಧ್ಯಾಹ್ನದ ಮಂಜು, ಇವನ್ನು ಯಾರೂ ಬಿಟ್ಟು ಹೇಳುವುದಿಲ್ಲ. ಆದ್ದರಿಂದ ಅವನ್ನು ಭದ್ರವಾಗಿ ಹಿಡಿದುಕೊಂಡು, ಮಿಕ್ಕದ್ದನ್ನು ಹೆಚ್ಚು ಮಂದಿ ಒಪ್ಪುವ ಕ್ರಮದಲ್ಲಿ ಹೇಳಬೇಕಾಗಿದೆ.

ಕಥೆಯ ನಡುವೆ ನಿಂತವನು ಕೆಳಗಿನ ಬಯಲಿನ ಪಟ್ಟಣವೊಂದರ ಛಾಯಾಗ್ರಾಹಕ. ಅವನ ಸ್ಟುಡಿಯೋ ಎಂದರೆ ಒಂದೇ ಕೋಣೆ: ಗೋಡೆಗೆ ಬಿಳಿಯ ಪರದೆ, ಅದರ ಮುಂದೆ ತಿರುಗುವ ಸ್ಟೂಲು, ಮೂಲೆಯಲ್ಲಿ ಕನ್ನಡಿ, ಕನ್ನಡಿಗೆ ದಾರದಿಂದ ಕಟ್ಟಿದ ಬಾಚಣಿಗೆ, ಮೊಳೆಗೆ ತೂಗುಹಾಕಿದ ಒಂದು ಕಪ್ಪು ಕೋಟು. ಊರಿನ ಅರ್ಧ ಗಂಡಸರು ಕೆಲಸಕ್ಕೆ ಅರ್ಜಿ ಹಾಕಿದ್ದು ಆ ಒಂದೇ ಕೋಟಿನೊಳಗಿನಿಂದ. ಅವನು ತೆಗೆಯುತ್ತಿದ್ದದ್ದು ಪಾಸ್‌ಪೋರ್ಟ್ ಅಳತೆಯ ಫೋಟೋ ಮಾತ್ರ. ಮದುವೆ ಮುಂಜಿಗೆ ಯಾರಾದರೂ ಕರೆದರೆ, "ಅಲ್ಲಿ ಜನ ಅಲ್ಲಾಡ್ತಾರೆ" ಎಂದು ಕೈಮುಗಿದುಬಿಡುತ್ತಿದ್ದ. ಕೂತವರ ಭುಜ ಇಳಿಸುವುದು, ಗದ್ದ ಎತ್ತಿಸುವುದು, ಕಿವಿಯ ಮೇಲೆ ಬಿದ್ದ ಕೂದಲು ಸರಿಸುವುದು, ಹಿಂದಿನ ಪರದೆಯ ಮೇಲೆ ನೆರಳು ಬೀಳದಂತೆ ಕಾಯುವುದು, ಇದಿಷ್ಟು ಅವನ ಶಾಸ್ತ್ರ. ಬೀದಿಯ ಮಕ್ಕಳು ಅವನಿಗೆ 'ಗದ್ದ ಮೇಲೆ' ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಇಂಥವನು ಬೇಸಿಗೆಯಲ್ಲಿ ಬೆಟ್ಟ ಹತ್ತಿದ್ದು ಹೆಂಡತಿಯ ಅಣ್ಣನ ಒತ್ತಾಯದಿಂದ. ಈ ಭಾವನವರು ವೃತ್ತಿಯಿಂದ ನೀರಿನ ಪಂಪುಗಳ ವ್ಯಾಪಾರಿ. ಪ್ರವೃತ್ತಿಯಿಂದ ಪಕ್ಷಿವೀಕ್ಷಕರ ಬಳಗವೊಂದರ ಅಧ್ಯಕ್ಷರು. ಲೆಕ್ಕಕ್ಕೆ ಸಿಗದಷ್ಟು ಜೇಬುಗಳಿದ್ದ ಹಸಿರು ಅಂಗಿ ತೊಡುತ್ತಿದ್ದರು. ಬೇಕಾದ ವಸ್ತು ಯಾವ ಜೇಬಿನಲ್ಲಿದೆ ಎಂದು ಅವರು ಹುಡುಕಿ ಮುಗಿಸುವಷ್ಟರಲ್ಲಿ ಹಕ್ಕಿ ಹಾರಿ, ಮರಿಮಾಡಿ, ವಲಸೆ ಹೋಗಿರುತ್ತಿತ್ತು. ಅವರ ಬಾಳಿನ ಕೊರಗು ಒಂದೇ. ಆ ಬೆಟ್ಟದಲ್ಲಿ ಮಂಜಿನ ಹಕ್ಕಿ ಎಂಬುದೊಂದು ಇತ್ತು: ತಲೆಗೆ ಜುಟ್ಟು, ಕಣ್ಣಿಗೆ ಬಿಳಿಯ ಬಳೆ, ಬಾಲದಲ್ಲಿ ರಿಬ್ಬನ್ನಿನಂಥ ಎರಡು ಉದ್ದ ಗರಿ, ಗರಿಗಳ ತುದಿಯಲ್ಲಿ ಒಂದೊಂದು ಗುಂಡನೆಯ ಕುಚ್ಚು. ಎಷ್ಟೋ ಬೇಸಿಗೆ ಅಲೆದರೂ ಭಾವನವರ ಕಣ್ಣಿಗೆ ಬಿದ್ದದ್ದು ಅದು ಪೊದೆಯೊಳಗೆ ಹೋದಮೇಲೆ ಹೊರಗುಳಿದ ಕುಚ್ಚು ಮಾತ್ರ.

ವಸತಿಗೃಹದ ಊಟದ ಮೇಜಿನಲ್ಲಿ ಮೊದಲ ಸಂಜೆಯೇ ಅವರು ಘೋಷಿಸಿದರು.

"ಈ ಸಲದ ನಮ್ಮ ಪತ್ರಿಕೆಯ ಮುಖಪುಟಕ್ಕೆ ಮಂಜಿನ ಹಕ್ಕಿ! ತೆಗೆಯೋರು ಯಾರು ಗೊತ್ತಾ? ನಮ್ಮ ತಂಗಿಯ ಯಜಮಾನರು. ದೊಡ್ಡ ಕಲಾವಿದರು!"

ಮೇಜಿನ ಸುತ್ತ ಬಳಗದವರೆಲ್ಲ ಚಪ್ಪಾಳೆ ತಟ್ಟಿದರು. ಆ ಕ್ಷಣದಲ್ಲಿ ಛಾಯಾಗ್ರಾಹಕ ಸತ್ಯ ಹೇಳಬಹುದಿತ್ತು. ಬಾಯಲ್ಲಿ ಬ್ರೆಡ್ಡಿತ್ತು. ಅದನ್ನು ನುಂಗುವಷ್ಟರಲ್ಲಿ ಚಪ್ಪಾಳೆ ಅವನ ತಲೆಗೇರಿತ್ತು.

"ಅದೇನು ಮಹಾ ಭಾವ," ಎಂದುಬಿಟ್ಟ. "ಮನುಷ್ಯರನ್ನೇ ಕೂರಿಸಿದೋನು ನಾನು. ಹಕ್ಕಿ ಯಾವ ಲೆಕ್ಕ?"

ಪಕ್ಕದಲ್ಲಿ ಕೂತಿದ್ದ ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅದು ಎಚ್ಚರಿಕೆಯೆಂದು ಅವನಿಗೆ ತಿಳಿಯಲಿಲ್ಲ, ಮೆಚ್ಚುಗೆಯೆಂದುಕೊಂಡ.

ಮರುದಿನ ಬೆಳಕು ಹರಿಯುತ್ತಲೇ ಬಳಗ ಕಾಡಿಗೆ ಹೊರಟಿತು. ಬೆಟ್ಟದ ಬೇಸಿಗೆ ಎಂದರೆ ಒಂದು ಬಗೆಯ ಅರೆನಿದ್ದೆ. ಮಂಜು ಮರಗಳ ಸೊಂಟಕ್ಕೆ ಸುತ್ತಿಕೊಂಡು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ತೂಗುತ್ತಿರುತ್ತದೆ. ಹತ್ತಿರದ ಕೊಂಬೆ ದೂರವೆನಿಸುತ್ತದೆ, ದೂರದ ಕಣಿವೆ ಕಾಲಬುಡದಲ್ಲಿರುವಂತೆ ತೋರುತ್ತದೆ. ಹಕ್ಕಿಗಳ ದನಿಯೂ ಹಾಗೆಯೇ. ಎಡಗಿವಿಗೆ ಕೇಳಿದ್ದು ಬಲಗಡೆಯಿಂದ ಹಾರುತ್ತದೆ. ಛಾಯಾಗ್ರಾಹಕನಿಗೆ ಇದೆಲ್ಲ ಬಹಳ ಹಿಡಿಸಿತು. ನಡೆಯುತ್ತಲೇ ಕನಸು ಕಾಣಬಹುದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆದರೆ ಹಕ್ಕಿ ಕಂಡಾಗ ಮಾತ್ರ ಕಷ್ಟವಾಗುತ್ತಿತ್ತು. ಅವು ಕೊಂಬೆಯ ಮೇಲೆ ಓರೆಯಾಗಿ ಕೂರುತ್ತಿದ್ದವು.

"ತೆಗೀರಿ, ತೆಗೀರಿ!" ಎಂದು ಭಾವನವರು ಪಿಸುಗುಟ್ಟುತ್ತಿದ್ದರು.

"ಇರಿ ಭಾವ, ಪಕ್ಕಕ್ಕೆ ನೋಡ್ತಿದೆ. ಒಂದು ಕಿವಿ ಬರಲ್ಲ."

"ಹಕ್ಕಿಗೆ ಕಿವಿ ಯಾಕ್ರೀ?"

"ಎರಡು ಕಿವಿಯೂ ಕಾಣಬೇಕು ಭಾವ. ನಿಯಮ." ಆಮೇಲೆ ಹಕ್ಕಿಯ ಕಡೆಗೆ ತಿರುಗಿ, ಅತ್ಯಂತ ಮೃದುವಾಗಿ, "ಇತ್ತ ನೋಡಿ... ಅಲ್ಲಾಡ್ಬೇಡಿ... ಗದ್ದ ಸ್ವಲ್ಪ ಮೇಲೆ..." ಎನ್ನುತ್ತಿದ್ದ.

ಹಕ್ಕಿ ಹಾರಿಹೋಗುತ್ತಿತ್ತು. ಗುಂಡಿ ಒತ್ತುವ ಹೊತ್ತಿಗೆ ಉಳಿಯುತ್ತಿದ್ದದ್ದು ಅದು ಕೂತಿದ್ದ ಕೊಂಬೆ. ಕೆಲವು ದಿನಗಳಲ್ಲಿ ಆ ಬೆಟ್ಟದ ಖಾಲಿ ಕೊಂಬೆಗಳ ಅಪೂರ್ವ ಸಂಗ್ರಹವೊಂದು ಅವನ ಕ್ಯಾಮೆರಾದಲ್ಲಿ ಸಿದ್ಧವಾಯಿತು. ಬಳಗದಲ್ಲಿ ಒಬ್ಬ ದಂತವೈದ್ಯರಿದ್ದರು. ಅವರು ಒಂದೊಂದನ್ನೂ ನೋಡಿ, "ಕಿತ್ತ ಹಲ್ಲಿನ ಜಾಗದ ಹಾಗಿದೆ" ಎಂದು ಅಭಿಪ್ರಾಯಪಟ್ಟರು. ಭಾವನವರು ಊಟದ ಮೇಜಿನಲ್ಲಿ ಉಪ್ಪು ಕೇಳುವಾಗಲೂ, "ಕಲಾವಿದರೇ, ಅಲ್ಲಾಡದೆ ಸ್ವಲ್ಪ ಉಪ್ಪು ಕೊಡಿ" ಎನ್ನತೊಡಗಿದರು. ಹೆಂಡತಿ ತಲೆ ತಗ್ಗಿಸಿ ಸೂಪು ಕುಡಿದಳು. ಅವಳ ಆ ತಗ್ಗಿದ ತಲೆಯೇ ಅವನಿಗೆ ತಡೆಯಲಾರದ್ದಾಯಿತು.

ಆಗ ಅವನಿಗೊಂದು ಯೋಚನೆ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ, ಅಷ್ಟು ವರ್ಷದ ಅಭ್ಯಾಸ ತಾನಾಗಿ ಎದ್ದು ಕೂತಿತು ಎನ್ನಬೇಕು. ಗಿರಾಕಿಗಳ ಹಿಂದೆ ಬೀದಿ ಬೀದಿ ಓಡಿ ಫೋಟೋ ತೆಗೆದವನು ಲೋಕದಲ್ಲಿ ಯಾರಿದ್ದಾರೆ? ಗಿರಾಕಿಯೇ ಸ್ಟುಡಿಯೋಗೆ ಬರಬೇಕು.

ಬಳಗವೆಲ್ಲ ತುದಿಬೆಟ್ಟಕ್ಕೆ ಹೋಗಿದ್ದ ಮಧ್ಯಾಹ್ನ ಅವನು ಕಾಲುನೋವಿನ ನೆಪ ಹೇಳಿ ಉಳಿದ. ಹೆಂಡತಿ ಊಟ ಮುಗಿಸಿ ಕೋಣೆಯಲ್ಲಿ ಮಲಗಿದಳು. ವಸತಿಗೃಹದ ಹಿತ್ತಲಿನಲ್ಲಿ ಒಡತಿ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದಳು. ಅದರ ಮೇಲೆ ಒಗೆದ ಬಿಳಿಯ ಬೆಡ್‌ಶೀಟೊಂದು ತೂಗುತ್ತಿತ್ತು. ಅವನು ಅದರ ಸುಕ್ಕು ಎಳೆದು, ಮೇಲಂಚಿನುದ್ದಕ್ಕೂ ಕ್ಲಿಪ್ಪು ಹಾಕಿದ. ಅಡುಗೆಮನೆಯಿಂದ ಸ್ಟೂಲು ತಂದು, ನೆರಳು ಶೀಟಿನ ಮೇಲೆ ಬೀಳದಷ್ಟು ಮುಂದಕ್ಕೆ ಇಟ್ಟ. ಎದುರಿಗೆ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ, ಹಿಂದೆ ಬೆತ್ತದ ಕುರ್ಚಿ ಹಾಕಿಕೊಂಡು ಕೂತ. ಅಂಗಡಿಯ ಬಾಗಿಲು ತೆರೆದು ಗಿರಾಕಿಗೆ ಕಾಯುವ ನೆಮ್ಮದಿ ಅವನಿಗೆ ಮರಳಿ ಬಂತು.

ಮಂಜು ಇಳಿಯಿತು. ಮೊದಲು ಬೇಲಿ ಹೋಯಿತು, ಆಮೇಲೆ ಮರಗಳು, ಆಮೇಲೆ ತಂತಿ. ಬಿಳಿಯ ಶೀಟು ಎಲ್ಲಿ ಮುಗಿದು ಮಂಜು ಎಲ್ಲಿ ಆರಂಭವಾಗುತ್ತದೆ ಎಂದು ತಿಳಿಯದಂತಾಯಿತು. ಲೋಕದಲ್ಲಿ ಉಳಿದದ್ದು ಒಂದು ಸ್ಟೂಲು. ಕಣ್ಣು ಎಳೆಯುತ್ತಿತ್ತು. ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಅದೂ ನಿಧಾನವಾಗಿ, ಬೀಳಲೋ ಬೇಡವೋ ಎಂಬಂತೆ. ಅವನು ಒಮ್ಮೆ ತೂಕಡಿಸಿ ಕಣ್ಣು ಬಿಟ್ಟಾಗ ಸ್ಟೂಲಿನ ಮೇಲೆ ಗಿರಾಕಿ ಕೂತಿತ್ತು.

ಜುಟ್ಟು ಒದ್ದೆಯಾಗಿತ್ತು. ಕಣ್ಣ ಸುತ್ತ ಬಿಳಿಯ ಬಳೆ. ಅವನಿಗೆ ಗಾಬರಿಯಾಗಲಿಲ್ಲ, ಕೆಲಸದ ಹೊತ್ತಿನಲ್ಲಿ ಅವನಿಗೆ ಎಂದೂ ಗಾಬರಿಯಾದದ್ದಿಲ್ಲ.

"ಬನ್ನಿ," ಎಂದ. "ಇತ್ತ ನೋಡಿ."

ಹಕ್ಕಿ ನೋಡಿತು.

"ಗದ್ದ ಸ್ವಲ್ಪ ಮೇಲೆ."

ಅದು ಕೊಕ್ಕು ಸ್ವಲ್ಪ ಎತ್ತಿತು. ಎತ್ತಿತೆಂದು ಎಲ್ಲರೂ ಹೇಳುತ್ತಾರೆ. ಅವನು ತಲೆಯಿಂದ ಎದೆಯವರೆಗೆ ಚೌಕಟ್ಟು ಕಟ್ಟಿ ಗುಂಡಿ ಒತ್ತಿದ. "ಆಯ್ತು, ಏಳಿ" ಎಂದ. ಮಂಜಿನೊಳಗಿಂದ ಬಂದದ್ದು ಮಂಜಿನೊಳಗೆ ಹೋಯಿತು. ಅವನು ಬೆತ್ತದ ಕುರ್ಚಿಗೆ ಒರಗಿ, ಬೆಳಗಿನಿಂದ ದುಡಿದವನಂತೆ ನಿದ್ದೆಹೋದ.

ಸಂಜೆ ಚಹಾದ ಹೊತ್ತಿಗೆ ಬಳಗ ಕಾಲು ಎಳೆದುಕೊಂಡು ಹಿಂತಿರುಗಿತು. ಛಾಯಾಗ್ರಾಹಕ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ಭಾವನವರ ಮುಂದೆ ಹಿಡಿದ. ಭಾವನವರು ನೋಡಿದರು. ಬಟ್ಟಲು ಕೆಳಗಿಟ್ಟರು. ಜೇಬುಗಳಲ್ಲಿ ಕನ್ನಡಕ ಹುಡುಕಿದರು. ಅದು ಮೂಗಿನ ಮೇಲೆಯೇ ಇತ್ತು.

"ಇದು... ಜುಟ್ಟು... ಕಣ್ಣಿನ ಬಳೆ... ಅಯ್ಯೋ ದೇವರೇ, ಇದು ಅದೇ!" ಆಮೇಲೆ ಅವರ ದನಿ ಬಿದ್ದುಹೋಯಿತು. "ಬಾಲ ಎಲ್ಲಿ?"

"ಬಾಲ ಯಾರೂ ಕೇಳಲ್ಲ ಭಾವ. ಎದೆವರೆಗೆ ಸಾಕು."

"ರೀ! ಈ ಹಕ್ಕಿ ಅಂದ್ರೇನೇ ಬಾಲ! ಕಾಡೆಲ್ಲಿ? ಕೊಂಬೆ ಎಲ್ಲಿ? ಹಿಂದೆ ಇದೇನಿದು, ಸುಣ್ಣದ ಗೋಡೆ?"

"ಹಿನ್ನೆಲೆ ಬಿಳಿಯೇ ಇರಬೇಕು."

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ನೇರ ಮುಖ, ಸಮನಾದ ಭುಜಗಳು, ಮಿಟುಕದ ಕಣ್ಣು. ಲೋಕದಲ್ಲಿ ಯಾವ ಹಕ್ಕಿಯೂ ಅಷ್ಟು ಜವಾಬ್ದಾರಿಯಿಂದ ಕೂತಿರಲಿಲ್ಲ. ದಂತವೈದ್ಯರು ಬಹಳ ಹೊತ್ತು ನೋಡಿ, "ಜೀವ ಇರೋದು ಹೀಗೆ ಕೂರಲ್ಲ. ಹತ್ತಿ ತುಂಬಿದ್ದಾ? ಬಾಯಿ ತೆಗೆಸಿದ್ರೆ ಗೊತ್ತಾಗ್ತಿತ್ತು" ಎಂದರು.

"ಜೀವ ಇತ್ತು ಡಾಕ್ಟ್ರೇ. ನಾನು ಹೇಳಿದ್ದು ಕೇಳ್ತು."

ಈ ಮಾತು ಆಡಬಾರದಿತ್ತು. ಹೇಳಿದ್ದು ಕೇಳುವ ಹಕ್ಕಿ ಎಂದರೆ ಪಳಗಿಸಿದ ಹಕ್ಕಿ. ಪಳಗಿಸಿದ್ದು ಎಂದರೆ ಹಿಡಿದದ್ದು. ಹಿಡಿದದ್ದು ಎಂದರೆ ಎಲ್ಲೋ ಬಚ್ಚಿಟ್ಟದ್ದು. ಮೇಜಿನ ಸುತ್ತ ಕಣ್ಣುಗಳು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಕೊನೆಗೆ ಛಾಯಾಗ್ರಾಹಕನ ಕೋಣೆಯ ಮುಚ್ಚಿದ ಬಾಗಿಲ ಮೇಲೆ ನಿಂತವು.

ಆಗ ಒಡತಿ ಅಡುಗೆಮನೆಯಿಂದ ಹೊರಗೆ ಬಂದಳು. "ನನ್ನ ಶೀಟಿಗೆ ಕ್ಲಿಪ್ಪು ಹೊಡೆದೋರು ಯಾರು? ಸ್ಟೂಲಿನ ಮೇಲೆ ಹಿಕ್ಕೆ ಹಾಕಿದ್ದು ಯಾರು?"

"ಹಿಕ್ಕೆ ನಾನು ಹಾಕಿಲ್ಲಮ್ಮ," ಎಂದ ಛಾಯಾಗ್ರಾಹಕ, ಪ್ರಾಮಾಣಿಕವಾಗಿ.

ಒಡತಿ ಕೆಟ್ಟವಳಲ್ಲ. ಮರುದಿನ ಬೆಳಿಗ್ಗೆ ಹಾಲಿನವನಿಗೆ ಅವಳು ಹೇಳಿದ್ದು ಇಷ್ಟೇ: ನಮ್ಮಲ್ಲೊಬ್ಬರು ಹಕ್ಕಿಯನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆದರಂತೆ. ಹಾಲಿನವನು ಬೇಕರಿಯಲ್ಲಿ ಹೇಳುವಾಗ ಹಕ್ಕಿಗಳು ಬಹುವಚನದಲ್ಲಿದ್ದವು. ಬೇಕರಿಯಿಂದ ಅಂಚೆಕಚೇರಿಗೆ ಹೋಗುವಷ್ಟರಲ್ಲಿ ಅವು ಸಾಲಾಗಿ ನಿಂತು ಸರದಿ ಕಾಯುತ್ತಿದ್ದವು, ಕನ್ನಡಿ ನೋಡಿಕೊಂಡು ಜುಟ್ಟು ಬಾಚಿಕೊಳ್ಳುತ್ತಿದ್ದವು. ಅರಣ್ಯಾಧಿಕಾರಿಯ ಕಚೇರಿ ಅಂಚೆಕಚೇರಿಯ ಮಗ್ಗುಲಲ್ಲೇ ಇತ್ತು.

ಅಧಿಕಾರಿ ಬಂದದ್ದು ಛಾಯಾಗ್ರಾಹಕ ಬೆಳಗಿನ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕುತ್ತಿದ್ದಾಗ. ದೊಡ್ಡ ಮೀಸೆ, ತಲೆಗೆ ಸರಿಯಾಗಿ ಕೂತ ಖಾಕಿ ಟೋಪಿ, ಏರು ಹತ್ತಿ ಬಂದ ಏದುಸಿರು. ಕ್ಯಾಮೆರಾ ಇಸಿದುಕೊಂಡು ಪರದೆ ನೋಡಿದರು. ಹಕ್ಕಿ ಅವರನ್ನು ನೋಡಿತು. ಇಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಇದ್ದರು.

"ಏನ್ರೀ ಇದು?"

"ಪಾಸ್‌ಪೋರ್ಟ್ ಸೈಜು ಸಾರ್."

ಅಧಿಕಾರಿಯ ಮೀಸೆ ಮೆಲ್ಲಗೆ ಮೇಲೆದ್ದಿತು.

"ಪಾಸ್‌ಪೋರ್ಟ್! ಹಾಗಾದ್ರೆ ಎಲ್ಲಿಗೆ ಕಳಿಸ್ತಿದೀರಿ ಇದನ್ನ?"

"ಎಲ್ಲಿಗೂ ಇಲ್ಲ ಸಾರ್. ನನಗೆ ಅದೊಂದೇ ಅಳತೆ ಬರೋದು."

"ಇಷ್ಟು ವರ್ಷ ಸರ್ವೀಸಿನಲ್ಲಿ ಹಕ್ಕೀನ ಚೀಲದಲ್ಲಿ ಸಾಗಿಸಿದೋರನ್ನ ಹಿಡಿದಿದೀನಿ. ಪೆಟ್ಟಿಗೆಯಲ್ಲಿ ಸಾಗಿಸಿದೋರನ್ನ ಹಿಡಿದಿದೀನಿ. ಕಾಗದಪತ್ರ ಮಾಡಿಸಿ ಸಾಗಿಸೋರನ್ನ ಇವತ್ತೇ ನೋಡ್ತಿರೋದು!"

"ಸಾರ್, ಇವರು ಹಕ್ಕಿ ಹಿಡಿಯೋರಾ?" ಹೆಂಡತಿ ಎದ್ದು ನಿಂತಳು. "ಮನೇಲಿ ಜಿರಳೆ ಬಂದ್ರೆ ಮಂಚ ಹತ್ತೋರು ಇವರು! ಅಣ್ಣ, ನೀನಾದ್ರೂ ಹೇಳು."

ಅಣ್ಣ ಅಧ್ಯಕ್ಷರಾಗಿ ಗಂಟಲು ಸರಿಪಡಿಸಿಕೊಂಡರು. "ಬಳಗದ ದೃಷ್ಟಿಯಿಂದ ಹೇಳೋದಾದ್ರೆ... ಅವರು ನಮ್ಮ ಸದಸ್ಯರಲ್ಲ. ಬರೀ ಸಂಬಂಧಿ."

"ಬರೀ ಸಂಬಂಧಿನಾ?" ಎಂದಳು ತಂಗಿ. ಆ ಮಾತಿನ ತಣ್ಣಗಿನ ಅಂಚಿಗೆ ಭಾವನವರ ಚಹಾ ಆರಿತೆಂದು ಹೇಳುತ್ತಾರೆ.

ಅಧಿಕಾರಿ ಕೋಣೆ ಶೋಧಿಸಿದರು. ಮಂಚದ ಕೆಳಗೆ ಚಪ್ಪಲಿ, ಪೆಟ್ಟಿಗೆಯಲ್ಲಿ ಸ್ವೆಟರು, ಬಚ್ಚಲಲ್ಲಿ ಬಕೆಟ್ಟು. ಹಕ್ಕಿ ಸಿಗದಿದ್ದದ್ದು ಅವರ ಅನುಮಾನವನ್ನು ಇನ್ನಷ್ಟು ಗಟ್ಟಿಮಾಡಿತು: ಆಗಲೇ ರವಾನೆಯಾಗಿದೆ! ಆದರೂ ಅವರು ನ್ಯಾಯವಂತರು. ತಾವೇ ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವರು.

"ಹಕ್ಕಿ ತಾನಾಗೇ ಬಂತು ಅಂತೀರಿ. ಸರಿ. ಮಧ್ಯಾಹ್ನ ನನ್ನೆದುರಿಗೆ ಬರಲಿ. ಬಂದ್ರೆ ಕೇಸಿಲ್ಲ. ಬರದೇ ಇದ್ರೆ ಈ ಕ್ಯಾಮೆರಾ ನನ್ನ ಜೊತೆ ಕೆಳಗಿನ ಕೇಂದ್ರ ಕಚೇರಿಗೆ ಹೋಗುತ್ತೆ."

"ಯಾವಾಗ ವಾಪಸ್ ಕೊಡ್ತಾರೆ ಸಾರ್?"

ಅಧಿಕಾರಿ ಕಿಟಕಿಯಾಚೆ ನೋಡಿದರು. ಕೇಂದ್ರ ಕಚೇರಿಯ ವಿಷಯದಲ್ಲಿ ಅವರಿಗೂ ಒಂದು ಬಗೆಯ ವಿಷಾದವಿತ್ತು. "ನಮ್ಮ ಆಫೀಸಿನ ಟೈಪ್‌ರೈಟರು ಹೋಗಿತ್ತು ರಿಪೇರಿಗೆ," ಎಂದರು. "ಆಗ ನನಗೆ ಮೀಸೆ ಬಂದಿರಲಿಲ್ಲ."

ಛಾಯಾಗ್ರಾಹಕನಿಗಿದ್ದದ್ದು ಅದೊಂದೇ ಕ್ಯಾಮೆರಾ. ರಜೆ ಮುಗಿದು ಶಾಲೆಗಳು ತೆರೆಯುವ ಆ ಕೆಲವು ವಾರಗಳ ದುಡಿಮೆಯೇ ಅವನ ಸಂಸಾರದ ವರ್ಷದ ಊಟ. ಆಗ ಕ್ಯಾಮೆರಾ ಇಲ್ಲದ ಸ್ಟುಡಿಯೋ ಎಂದರೆ ಬಾಚಣಿಗೆ ಕಟ್ಟಿದ ಒಂದು ಕನ್ನಡಿ, ಅಷ್ಟೆ.

ಕೋಣೆಗೆ ಬಂದಮೇಲೆ ಹೆಂಡತಿ ಬಾಗಿಲು ಹಾಕಿದಳು.

"ಈಗ ನನಗೆ ಮಾತ್ರ ನಿಜ ಹೇಳಿ. ಬಂದಿತ್ತಾ?"

ಅವನು ಯೋಚಿಸಿದ. ಯೋಚಿಸಿದಷ್ಟೂ ಮಂಜೇ ಕಂಡಿತು. "ಬಂದಿತ್ತು ಅಂತ ಕ್ಯಾಮೆರಾ ಹೇಳ್ತಿದೆ."

"ಕ್ಯಾಮೆರಾ ಬಿಡಿ. ನೀವು?"

"ನಾನು ಬನ್ನಿ ಅಂದೆ. ಅದು ಬಂತು. ಗದ್ದ ಎತ್ತಿ ಅಂದೆ. ಎತ್ತಿತು. ಇದು ನಡೆದಿದ್ದು ಅಂತ ನನಗೇ ಅನ್ನಿಸ್ತಿಲ್ಲ ಕಣೇ. ನೀನಾದ್ರೂ ಎಚ್ಚರ ಇದ್ದಿದ್ರೆ..."

ಹೆಂಡತಿ ಅವನ ಅಂಗಿಯ ಕಾಲರು ಸರಿಮಾಡಿದಳು. ನಂಬಿದೆ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. "ಸ್ಟೂಲು ನಾನು ಒರೆಸಿಡ್ತೀನಿ. ನಡೀರಿ" ಎಂದಳು.

ಮಧ್ಯಾಹ್ನ ಹಿತ್ತಲಿನಲ್ಲಿ ಇಡೀ ಊರು ಸೇರಿತ್ತು ಎಂದರೆ ಉತ್ಪ್ರೇಕ್ಷೆ. ಬೇಕರಿಯವನು ಬಂದಿರಲಿಲ್ಲ, ಒಲೆಯಲ್ಲಿ ಬನ್ನಿತ್ತು. ಉಳಿದವರೆಲ್ಲ ಬೇಲಿಗೆ ಒರಗಿ ನಿಂತಿದ್ದರು. ಒಡತಿ ತನ್ನ ಶೀಟು ನಾಲ್ಕು ಜನ ನೋಡುತ್ತಾರೆಂದು ಮತ್ತೆ ಒಗೆದು, ಇಸ್ತ್ರಿ ಹಾಕಿ ತಂತಿಗೆ ಏರಿಸಿದ್ದಳು. ಅಧಿಕಾರಿ ಕೈಕಟ್ಟಿ ನಿಂತರು. ಭಾವನವರು ದುರ್ಬೀನು ಕಣ್ಣಿಗಿಟ್ಟು, ಎರಡು ಮಾರು ದೂರದಲ್ಲಿದ್ದ ಸ್ಟೂಲನ್ನೇ ನಿಟ್ಟಿಸಿದರು.

ಸ್ಟೂಲು ಖಾಲಿಯಿತ್ತು.

ಹೊತ್ತು ಸರಿಯಿತು. ಬೆಟ್ಟದ ಮೇಲೆ ಹೊತ್ತು ಸರಿಯುವ ಬಗೆ ಬೇರೆ. ಅದು ಯಾರನ್ನೂ ತಳ್ಳುವುದಿಲ್ಲ. ಮೊದಲು ಕೆಮ್ಮುವವರು ಕೆಮ್ಮು ನಿಲ್ಲಿಸಿದರು. ಆಮೇಲೆ ಗೊಣಗುವವರು ಗೊಣಗು ಮರೆತರು. ಶೀಟು ಉಸಿರಾಡುವಂತೆ ಒಮ್ಮೆ ಉಬ್ಬಿ ಒಮ್ಮೆ ಇಳಿಯುತ್ತಿತ್ತು. ಮಂಜು ಬೇಲಿ ದಾಟಿ ಬಂದು ಜನರ ಮೊಣಕಾಲಿನ ನಡುವೆ ಬೆಕ್ಕಿನಂತೆ ಸುಳಿದಾಡಿತು. ದಂತವೈದ್ಯರು ನಿಂತಲ್ಲೇ ಕಣ್ಣು ಮುಚ್ಚಿ ನಗುತ್ತಿದ್ದರು. ಯಾವ ಹಲ್ಲಿನ ಕನಸೋ. ಯಾವುದಕ್ಕೆ ಕಾಯುತ್ತಿದ್ದೇವೆ ಎಂಬುದೇ ಹಲವರಿಗೆ ಮರೆತಿತ್ತು, ಕಾಯುವುದು ಮಾತ್ರ ಹಿತವಾಗಿತ್ತು.

ಅಧಿಕಾರಿಯ ಮೊಣಕಾಲು ಬೆಳಗಿನಿಂದಲೂ ನೋಯುತ್ತಿತ್ತು. ಅವರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಆಮೇಲೆ ಸುತ್ತ ನೋಡಿದರು. ಹಿತ್ತಲಲ್ಲಿದ್ದದ್ದು ಒಂದೇ ಸ್ಟೂಲು.

"ಅದು ಬರೋ ಹಾಗಿಲ್ಲ," ಎಂದು ನಿಟ್ಟುಸಿರಿಟ್ಟು, ಹೋಗಿ ಹಕ್ಕಿಯ ಸ್ಟೂಲಿನ ಮೇಲೆ ಕೂತರು. "ಐದು ನಿಮಿಷ ಸುಧಾರಿಸಿಕೊಂಡು ಕ್ಯಾಮೆರಾ ತಗೊಂಡು ಹೊರಡ್ತೀನಿ."

ಆಗ ಮೋಡದಲ್ಲಿ ಎಲ್ಲೋ ಬಾಗಿಲು ತೆರೆದಂತಾಗಿ, ಛಾಯಾಗ್ರಾಹಕನ ಬೆನ್ನ ಹಿಂದಿನಿಂದ ಬಿಸಿಲು ಬಿತ್ತು. ಬಿಳಿಯ ಶೀಟು ಬೆಳಗಿತು. ಅವನು ಕಣ್ಣೆತ್ತಿ ನೋಡಿದ. ಎದುರಿಗೆ ಬಿಳಿಯ ಹಿನ್ನೆಲೆ, ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಒಬ್ಬ ಮನುಷ್ಯ. ಕೇಸು, ಕೇಂದ್ರ ಕಚೇರಿ, ಸಂಸಾರದ ಊಟ ಎಲ್ಲವೂ ಅವನ ತಲೆಯಿಂದ ಜಾರಿಹೋಯಿತು. ಅವನು ಕ್ಯಾಮೆರಾಗೆ ಕಣ್ಣು ಹಚ್ಚಿದ.

"ಭುಜ ಇಳಿಸಿ ಸಾರ್."

ಅಧಿಕಾರಿ ಇಳಿಸಿದರು. ಸ್ಟೂಲಿನ ಮೇಲೆ ಕೂತ ಮನುಷ್ಯನಿಗೆ ಆ ದನಿಯಲ್ಲಿ ಹೇಳಿದರೆ ಯಾರಾದರೂ ಇಳಿಸುತ್ತಾರೆ.

"ಇತ್ತ ನೋಡಿ. ಗದ್ದ ಸ್ವಲ್ಪ ಮೇಲೆ. ಅಲ್ಲಾಡ್ಬೇಡಿ."

ಆ ಕ್ಷಣದಲ್ಲಿ, ಸದ್ದೇ ಇಲ್ಲದೆ, ಒಂದು ಎಲೆ ಇಳಿದಷ್ಟು ಹಗುರಾಗಿ, ಮಂಜಿನ ಹಕ್ಕಿ ಬಂದು ಅಧಿಕಾರಿಯ ಟೋಪಿಯ ಮೇಲೆ ಕೂತಿತು.

ಬೇಲಿಗೆ ಒರಗಿದ್ದವರೆಲ್ಲ ನೆಟ್ಟಗಾದರು. ಭಾವನವರ ದುರ್ಬೀನು ಸ್ಟೂಲಿನಿಂದ ಟೋಪಿಗೆ ಏರಿತು. ಬಾಲದ ಎರಡು ಗರಿಗಳು ಟೋಪಿಯ ಅಂಚಿನಿಂದ ಇಳಿದು, ಅಧಿಕಾರಿಯ ಬಲಗಿವಿಯ ಪಕ್ಕದಲ್ಲಿ ಮೆಲ್ಲಗೆ ತೂಗಿದವು. ಅಧಿಕಾರಿಗೆ ಏನೂ ತಿಳಿಯಲಿಲ್ಲ. ಅವರು ಗದ್ದ ಎತ್ತಿ, ಅಲ್ಲಾಡದೆ, ಆಜ್ಞಾಧಾರಕರಾಗಿ ಕೂತಿದ್ದರು.

ಎಲ್ಲರೂ ಕಂಡದ್ದನ್ನು ಛಾಯಾಗ್ರಾಹಕನೂ ಕಂಡ. ಆದರೆ ಅವನು ಕಂಡದ್ದು ಚೌಕಟ್ಟಿನೊಳಗಿನಿಂದ. ಆ ಚೌಕಟ್ಟಿನೊಳಗೆ ಟೋಪಿಯ ಮೇಲೆ ಏನೋ ಅನಗತ್ಯವಾದದ್ದು ಕೂತಿತ್ತು. ಅದರಿಂದ ಏನೋ ಇಳಿಬಿದ್ದು ಬಲಗಿವಿಯನ್ನು ಮರೆಮಾಡಿತ್ತು. ಅವನು ಬಲಗೈಯ ಬೆರಳು ಗುಂಡಿಯ ಮೇಲಿಟ್ಟು, ಎಡಗೈ ಚಾಚಿ, ಹೆಂಗಸರ ಮುಂಗುರುಳು ಸರಿಸುವ ಅದೇ ಹಳೆಯ ಚಾತುರ್ಯದಿಂದ ಗಾಳಿಯಲ್ಲಿ ಬೀಸಿದ.

"ಶೂ... ಅದೊಂದು ಹೋಗಲಿ. ಹಾಂ."

ಹಕ್ಕಿ ಹಾರಿತು. ಹಿಂದಕ್ಕೆ, ಶೀಟಿನ ಮೇಲಂಚಿಗೆ ತಾಗುವಂತೆ ಮೇಲೇರಿ ಹೋಯಿತು. ಕ್ಯಾಮೆರಾ ಕ್ಲಿಕ್ಕೆಂದಿತು.

ಆಮೇಲೆ ಎದ್ದ ಕೂಗು ಕಣಿವೆಯಲ್ಲಿ ಬಹಳ ಹೊತ್ತು ಅಲೆದಾಡಿತಂತೆ.

"ಓಡಿಸಿಬಿಟ್ರಲ್ರೀ!" ಭಾವನವರು ದುರ್ಬೀನು ನೆಲಕ್ಕೆಸೆದರು. "ಜೀವಮಾನದಲ್ಲಿ ಒಂದು ಸಲ... ಪೂರ್ತಿ ಬಾಲ... ಶೂ ಅಂತ ಓಡಿಸಿಬಿಟ್ರಲ್ರೀ!"

"ಕಿವಿ ಮುಚ್ಚಿತ್ತು ಭಾವ."

"ಏನಾಯ್ತು?" ಅಧಿಕಾರಿ ಎದ್ದರು. "ಯಾಕೆ ಕಿರುಚ್ತಿದೀರಿ ಎಲ್ಲ?"

"ಹಕ್ಕಿ ಸಾರ್! ನಿಮ್ಮ ತಲೆ ಮೇಲೇ ಕೂತಿತ್ತು!"

"ನಾವೆಲ್ಲ ನೋಡಿದ್ವಿ ಸಾರ್!" ಒಡತಿ ಕೂಗಿದಳು. "ನನ್ನ ಶೀಟಿನಾಣೆ!"

ಅಧಿಕಾರಿ ಟೋಪಿ ತೆಗೆದು ಒಳಗೆ ನೋಡಿದರು, ಹೊರಗೆ ನೋಡಿದರು. ಅಲ್ಲಿದ್ದವರೆಲ್ಲರ ಪೈಕಿ ಹಕ್ಕಿಯನ್ನು ಕಾಣದವರು ಒಬ್ಬರೇ, ಮತ್ತು ಲೆಕ್ಕಕ್ಕೆ ಬರುವ ಕಣ್ಣು ಅವರದೇ. ಅವರ ಮೀಸೆ ಇಳಿಬಿತ್ತು. "ನೀವೆಲ್ಲ ಒಂದಾಗಿ ಹ್ಞೂಂ ಅಂದ್ರೆ ನಾನು ನಂಬಬೇಕಾ? ನಾನು ಕಣ್ಣಾರೆ ನೋಡಿಲ್ಲ. ಕ್ಯಾಮೆರಾ ಕೊಡಿ."

ಛಾಯಾಗ್ರಾಹಕನಿಗೆ ಇದಾವುದೂ ಕೇಳಿಸಿರಲಿಲ್ಲ. ಅವನು ಪುಟ್ಟ ಪರದೆ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದ.

"ಛೆ, ಛೆ, ಛೆ. ಕೆಟ್ಟುಹೋಯ್ತು. ಕೂತ್ಕೊಳ್ಳಿ ಸಾರ್, ಇನ್ನೊಂದು ತೆಗೀತೀನಿ. ಹಿಂದೆ ನೆರಳು ಬಿದ್ದುಬಿಟ್ಟಿದೆ. ಇದನ್ನ ಅಳಿಸಿಹಾಕ್ತೀನಿ."

ಅವನ ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ಇಳಿಯುತ್ತಿತ್ತು. ಪಕ್ಕದಲ್ಲಿ ನಿಂತು ಇಣುಕಿದ ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಅಷ್ಟು ವರ್ಷಗಳ ದಾಂಪತ್ಯದಲ್ಲಿ ಅವಳು ಅಷ್ಟು ಬಿಗಿಯಾಗಿ ಏನನ್ನೂ ಹಿಡಿದಿರಲಿಲ್ಲ.

"ಬೆರಳು ಎತ್ತಿ," ಎಂದಳು. "ಎತ್ತಿ ಅಂದೆ. ಅಣ್ಣ, ಬಾ ಇಲ್ಲಿ. ಸಾರ್, ನೀವೂ ಬನ್ನಿ."

ಪರದೆಯಲ್ಲಿ ಅಧಿಕಾರಿ ನೇರವಾಗಿ, ಗಂಭೀರವಾಗಿ ಕೂತಿದ್ದರು. ಎರಡೂ ಕಿವಿ ಕಾಣುತ್ತಿದ್ದವು. ಅವರ ಹಿಂದೆ, ಬೆಳಗುವ ಬಿಳಿಯ ಶೀಟಿನ ಮೇಲೆ, ಕೆತ್ತಿದಂತೆ ಸ್ಪಷ್ಟವಾಗಿ, ಒಂದು ನೆರಳು ರೆಕ್ಕೆ ಬಿಚ್ಚಿತ್ತು. ತಲೆಯಲ್ಲಿ ಜುಟ್ಟು. ಹಿಂದೆ ಎರಡು ಉದ್ದ ಗರಿ. ಗರಿಗಳ ತುದಿಯಲ್ಲಿ ಒಂದೊಂದು ಗುಂಡನೆಯ ಕುಚ್ಚು.

"ಬಾಲ," ಎಂದರು ಭಾವನವರು. ಅಷ್ಟೇ ಎಂದರು. ಆಮೇಲೆ ತಮ್ಮ ಜೇಬುಗಳಲ್ಲಿ ಕರವಸ್ತ್ರ ಹುಡುಕುತ್ತ ಬಹಳ ಹೊತ್ತು ಬೇಲಿಯ ಕಡೆ ಮುಖಮಾಡಿ ನಿಂತರು.

"ಬಂದಿತ್ತು," ಎಂದಳು ಹೆಂಡತಿ, ಗಂಡನಿಗೆ ಮಾತ್ರ ಕೇಳುವಂತೆ. "ನಿನ್ನೆನೂ ಬಂದಿತ್ತು."

ಅಧಿಕಾರಿ ಪರದೆಯಿಂದ ಕಣ್ಣು ಕೀಳಲಿಲ್ಲ. ತಮ್ಮ ಮುಖವನ್ನು ನೋಡಿದರು, ಅದರ ಹಿಂದೆ ಬಿಚ್ಚಿದ ರೆಕ್ಕೆಗಳನ್ನು ನೋಡಿದರು. ಅಷ್ಟು ವರ್ಷ ಕಾಡಿನ ಚಾಕರಿ ಮಾಡಿದವರು. ಕಾಡಿನದೇನೂ ಅವರ ಬಳಿ ತಾನಾಗಿ ಬಂದಿರಲಿಲ್ಲ.

"ಇಲ್ಲಿ ಕೂತಿತ್ತಾ?" ಟೋಪಿ ಮುಟ್ಟಿಕೊಂಡು ಕೇಳಿದರು.

"ಅಲ್ಲೇ ಸಾರ್."

"ಎಷ್ಟು ಹೊತ್ತು?"

"ನೀವು ಗದ್ದ ಎತ್ತಿರೋವರೆಗೂ."

ಅವರು ಟೋಪಿಯನ್ನು ಎರಡೂ ಕೈಯಿಂದ, ತುಂಬಿದ ಪಾತ್ರೆಯನ್ನು ಹಿಡಿದಂತೆ ಹಿಡಿದುಕೊಂಡು, "ಕೇಸಿಲ್ಲ" ಎಂದರು. ಕ್ಯಾಮೆರಾ ಮಾಲೀಕನ ಕೈಯಲ್ಲೇ ಉಳಿಯಿತು. ಶಾಲೆಗಳು ತೆರೆದಾಗ ಅವನ ಸ್ಟೂಲು ಒಂದು ಗಳಿಗೆಯೂ ಬಿಡುವಾಗಿರಲಿಲ್ಲ. ಪಕ್ಷಿವೀಕ್ಷಕರ ಬಳಗದ ಪತ್ರಿಕೆ ಆ ವರ್ಷ ಒಬ್ಬ ಮೀಸೆಯ ಅಧಿಕಾರಿಯ ಮುಖಪುಟದೊಂದಿಗೆ ಹೊರಬಂತು. ಯಾವ ಜಾತಿಯ ಹಕ್ಕಿಯೆಂದು ಓದುಗರು ಬಹಳ ಪತ್ರ ಬರೆದರು.

ಅದೇ ವರ್ಷ ಇಲಾಖೆಯವರೆಲ್ಲ ಹೊಸ ಗುರುತಿನ ಚೀಟಿ ಮಾಡಿಸಿಕೊಳ್ಳಬೇಕೆಂದು ಆದೇಶ ಬಂತು. ಅಧಿಕಾರಿ ಅದೇ ಫೋಟೋ ಅಂಟಿಸಿ ಕಳಿಸಿದರು. 'ಹಿನ್ನೆಲೆಯಲ್ಲಿ ನೆರಳು ಇದೆ' ಎಂದು ಷರಾ ಬರೆದು ಕೇಂದ್ರ ಕಚೇರಿ ಹಿಂತಿರುಗಿಸಿತು. ಅವರು ಅದರ ಕೆಳಗೆ 'ಹೌದು, ಇದೆ' ಎಂದು ಬರೆದು ಮತ್ತೆ ಕಳಿಸಿದರು. ಅದು ಮತ್ತೆ ಬಂತು. ಮತ್ತೆ ಹೋಯಿತು.

ಈ ಸುದ್ದಿ ಕಿವಿಗೆ ಬಿದ್ದಾಗ ಛಾಯಾಗ್ರಾಹಕ ಊಟ ಬಿಟ್ಟ. ತಾನು ತೆಗೆದ ಒಂದು ಫೋಟೋ ದೋಷವಿದೆಯೆಂದು ತಿರಸ್ಕೃತವಾಗಿದೆ! ಅವನು ಕೂಡಲೇ ಬೆಟ್ಟಕ್ಕೆ ಫೋನು ಮಾಡಿದ.

"ಸಾರ್, ನಾನೇ ಮೇಲೆ ಬರ್ತೀನಿ. ಇನ್ನೊಂದು ತೆಗೆದುಕೊಡ್ತೀನಿ. ಶುದ್ಧ ಬಿಳಿ ಹಿನ್ನೆಲೆ, ಒಂದು ಚುಕ್ಕೆ ನೆರಳಿರಲ್ಲ."

ಆ ಕಡೆ ಬೆಟ್ಟದ ಗಾಳಿ ಬೀಸುತ್ತಿತ್ತು.

"ಬೇಡಪ್ಪ," ಎಂದರು ಅಧಿಕಾರಿ. "ಅದರಲ್ಲಿ ನಾನೊಬ್ಬನೇ ಇರ್ತೀನಿ."